ಅಂಕಿತನಾಮದ ವೇಷದಲ್ಲಿ ಅನ್ವರ್ಥನಾಮ: ಏಳು ಕಾದಂಬರಿಗಳ ಪೆಟ್ಟಿಗೆ ಮತ್ತು ಒಂದು ಹೆಸರುಗಳ ಕೈಪಿಡಿ

ಏಳು ಇಂಗ್ಲಿಷ್ ಕಾದಂಬರಿಗಳು, ಜೊತೆಗೆ ನೂರು ಪುಟ ಮೀರದ ಒಂದು ಕೈಪಿಡಿ, ಇಷ್ಟೂ ಸೇರಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ 2,650 ರೂಪಾಯಿಗೆ ಸಿಗುತ್ತವೆ ಎಂದು ತಿಳಿದಾಗ ನಾನು ಹೆಚ್ಚು ಯೋಚಿಸದೆ ತರಿಸಿಕೊಂಡೆ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847), ಥ್ಯಾಕರೆಯ ‘ವ್ಯಾನಿಟಿ ಫೇರ್’ (1847–48), ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ (1849–50), ‘ಬ್ಲೀಕ್ ಹೌಸ್’ (1852–53) ಮತ್ತು ‘ಹಾರ್ಡ್ ಟೈಮ್ಸ್’ (1854), ಟ್ರಾಲಪ್‌ನ ‘ಬಾರ್ಚೆಸ್ಟರ್ ಟವರ್ಸ್’ (1857), ಹಾರ್ಡಿಯ ‘ಟೆಸ್’ (1891) ಈ ಪೆಟ್ಟಿಗೆಯಲ್ಲಿವೆ. ಇವುಗಳಲ್ಲಿ ಐದು ನನ್ನ ಕಪಾಟಿನಲ್ಲಿ ಮೊದಲೇ ಇದ್ದವು. ನಾನು ಹಣ ಕೊಟ್ಟದ್ದು ಕೈಪಿಡಿಗಾಗಿ. ಈ ಕಾದಂಬರಿಗಳ ಪಾತ್ರಗಳ ಮನೆತನದ ಹೆಸರುಗಳಲ್ಲಿ, ಅಂದರೆ ಧಾರವಾಡದ ಕಡೆ ನಾವು ಅಡ್ಡಹೆಸರು ಎನ್ನುವುದರಲ್ಲಿ, ಅಡಗಿರುವ ಮಾತಿನ ಆಟವನ್ನು ಅಕಾರಾದಿಯಾಗಿ ಬಿಡಿಸಿ ಹೇಳುವುದು ಅದರ ಉದ್ದೇಶ. ಪದವಿ ಕಾಲೇಜಿನಲ್ಲಿ ಹಲವು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಇಂಥದೊಂದು ಪುಸ್ತಕ ಆಗಲೇ ಕೈಯಲ್ಲಿದ್ದಿದ್ದರೆ ಎನ್ನಿಸಿತು. ಆರು ತಿಂಗಳು ಬಳಸಿದ ಮೇಲೆ ಆ ಅನಿಸಿಕೆ ಅರ್ಧದಷ್ಟು ಮಾತ್ರ ಉಳಿದಿದೆ.

ಹೊರಮೈಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕಾಗದ ಸಾಧಾರಣ ಮ್ಯಾಪ್‌ಲಿಥೊ, ಹಿಂಬದಿಯ ಅಕ್ಷರ ಈಚೆಗೆ ಕಾಣುವಷ್ಟು ತೆಳುವಲ್ಲ. ಅಕ್ಷರದ ಗಾತ್ರ ‘ಬ್ಲೀಕ್ ಹೌಸ್’ ಮತ್ತು ‘ಕಾಪರ್‌ಫೀಲ್ಡ್’ ಸಂಪುಟಗಳಲ್ಲಿ ತೀರ ಸಣ್ಣದಾಗಿದ್ದು, ಐವತ್ತು ದಾಟಿದವರು ಹಗಲು ಬೆಳಕಿನಲ್ಲೇ ಓದಬೇಕಾಗುತ್ತದೆ. ಹೊಲಿಗೆಯಿಲ್ಲ, ಬರೀ ಗೋಂದಿನ ಬೈಂಡಿಂಗ್. ದಪ್ಪ ಸಂಪುಟಗಳನ್ನು ಪೂರ್ತಿ ಬಿಡಿಸಿ ಮೇಜಿನ ಮೇಲಿಟ್ಟರೆ ಬೆನ್ನು ಬಿರಿಯುತ್ತದೆ. ಇವೆಲ್ಲ ಈ ಬೆಲೆಗೆ ಸಹಿಸಬಹುದಾದ ಕೊರತೆಗಳು. ಸಹಿಸಲಾಗದ್ದು ಒಂದಿತ್ತು, ಅದು ‘ಬ್ಲೀಕ್ ಹೌಸ್’ ಸಂಪುಟದಲ್ಲಿ. ಅದರ ಮಾತು ಮುಂದೆ ಬರುತ್ತದೆ.

ಈ ಹೆಸರುಗಳ ಆಟ ಕನ್ನಡ ಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಬಹು ಬೇಗ ಹಿಡಿಯುತ್ತದೆ. ನದಿ, ಬೆಟ್ಟ, ಹುಡುಗ ಎಂಬವು ರೂಢನಾಮಗಳು. ರಾಮ, ಶಾಂತಾ, ಕಾವೇರಿ ಎಂಬವು ಅಂಕಿತನಾಮಗಳು. ಜಾಣ, ಕುಂಟ, ವ್ಯಾಪಾರಿ ಎಂಬವು ಅನ್ವರ್ಥನಾಮಗಳು ಎಂದು ನಾವು ಉರು ಹೊಡೆದಿದ್ದೇವೆ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಕಾರ ಮಾಡುವುದಿಷ್ಟೇ: ಅನ್ವರ್ಥನಾಮಕ್ಕೆ ಅಂಕಿತನಾಮದ ಅಂಗಿ ತೊಡಿಸಿ ಬೀದಿಗೆ ಬಿಡುತ್ತಾನೆ. ಅಂಗಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದರ ಮೇಲೆ ಅವನ ಕುಶಲತೆ ನಿಂತಿದೆ. ಕೆಲವೊಮ್ಮೆ ಆ ಹೆಸರು ಪುಸ್ತಕದಿಂದ ಹೊರಬಂದು ರೂಢನಾಮವೂ ಆಗಿಬಿಡುತ್ತದೆ. ಲೆಕ್ಕ ಮತ್ತು ವಾಸ್ತವಾಂಶ ಬಿಟ್ಟು ಬೇರೇನೂ ಬೇಡವೆನ್ನುವ ಮನುಷ್ಯನನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ಗ್ರ್ಯಾಡ್‌ಗ್ರೈಂಡ್’ ಎನ್ನುತ್ತಾರೆ, ನಿಘಂಟಿನಲ್ಲಿ ಆ ಪದವಿದೆ.

ಅರ್ಥವುಳ್ಳ ಅಡ್ಡಹೆಸರು ನಮಗೆ ಹೊಸದೂ ಅಲ್ಲ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಲ್ಲರೂ ಇರುತ್ತಿದ್ದರು. ಕರೆದಾಗ ಯಾರೂ ನಗುತ್ತಿರಲಿಲ್ಲ, ಏಕೆಂದರೆ ದಿನವೂ ಕೇಳಿದ ಕಿವಿಗೆ ಅಲ್ಲಿ ಮೆಣಸಿನಕಾಯಿಯ ಖಾರ ಉಳಿದಿರುವುದಿಲ್ಲ. ಬೆಂಗಳೂರಿನಿಂದ ಬಂದ ಅತಿಥಿ ಉಪನ್ಯಾಸಕರೊಬ್ಬರು ಮಾತ್ರ ಹೆಸರು ಓದುತ್ತ ಓದುತ್ತ ತುಟಿ ಬಿಗಿ ಹಿಡಿದದ್ದು ನೆನಪಿದೆ. ಇಂಗ್ಲಿಷ್ ಓದುಗನಿಗೂ ಸ್ಮಿತ್ ಎಂದರೆ ಕಮ್ಮಾರ ಎಂಬುದು ನೆನಪಾಗುವುದಿಲ್ಲ. ಕಿವುಡಾಗಿರುವ ಆ ಕಿವಿಯನ್ನು ಮತ್ತೆ ತೆರೆಸುವುದು ಕಾದಂಬರಿಕಾರನ ಕೆಲಸ. ಹೊರಗಿನಿಂದ ಬಂದ ನಮ್ಮ ಕಿವಿ ಮೊದಲೇ ತೆರೆದಿರುತ್ತದೆ, ಆದರೆ ಪದ ಗೊತ್ತಿರುವುದಿಲ್ಲ. ಹಾಗಾಗಿ ಕೈಪಿಡಿ ನಮ್ಮಂಥವರಿಗೇ ಹೆಚ್ಚು ಬೇಕು.

ಕೈಪಿಡಿಯ ಒಳ್ಳೆಯ ಭಾಗ ‘ಹಾರ್ಡ್ ಟೈಮ್ಸ್’ಗೆ ಸಂಬಂಧಿಸಿದ್ದು. ಗ್ರ್ಯಾಡ್‌ಗ್ರೈಂಡ್ ಎಂಬ ಹೆಸರಿನ ಉತ್ತರಾರ್ಧ ಕನ್ನಡದ ಓದುಗನಿಗೆ ವಿವರಣೆಯಿಲ್ಲದೆಯೇ ಕೇಳಿಸುತ್ತದೆ. ಗ್ರೈಂಡರ್ ಸದ್ದಿಲ್ಲದ ಅಡುಗೆಮನೆ ನಮ್ಮಲ್ಲಿ ಎಷ್ಟಿವೆ? ಅರೆಯುವ ಈ ಸದ್ದಿನ ಹಿಂದೆ ಇನ್ನೊಂದು ಅರ್ಥವಿದ್ದು, ವಿದ್ಯಾರ್ಥಿಗಳಿಗೆ ಪಾಠ ಉರು ಹೊಡೆಸಿ ಪರೀಕ್ಷೆಗೆ ತಯಾರು ಮಾಡುವ ಖಾಸಗಿ ಮೇಷ್ಟರನ್ನೂ ಆ ಕಾಲದ ಆಡುಮಾತಿನಲ್ಲಿ ಗ್ರೈಂಡರ್ ಎನ್ನುತ್ತಿದ್ದರೆಂದು ಕೈಪಿಡಿ ತಿಳಿಸುತ್ತದೆ. ಇದು ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಟಿಪ್ಪಣಿ. ಅಡುಗೆಮನೆಯ ಕಲ್ಲೂ ಟ್ಯೂಷನ್ ಮನೆಯ ಬೆತ್ತವೂ ಒಂದೇ ಹೆಸರಿನಲ್ಲಿ ಕೂಡಿಕೊಂಡದ್ದು ತಿಳಿದ ಮೇಲೆ, ಕಾದಂಬರಿಯ ಮೊದಲ ವಾಕ್ಯದಲ್ಲೇ ತನಗೆ ಬೇಕಾದದ್ದು ವಾಸ್ತವಾಂಶಗಳು ಎಂದು ಆತ ಘೋಷಿಸುವ ರೀತಿ ಇನ್ನಷ್ಟು ಕಟುವಾಗಿ ಕೇಳುತ್ತದೆ. ಅದೇ ಮನುಷ್ಯ ತನ್ನ ಗಂಡುಮಕ್ಕಳಲ್ಲಿ ಇಬ್ಬರಿಗೆ ಆಡಂ ಸ್ಮಿತ್ ಎಂದೂ ಮಾಲ್ಥಸ್ ಎಂದೂ ಹೆಸರಿಟ್ಟಿದ್ದಾನೆ. ಅರ್ಥಶಾಸ್ತ್ರಜ್ಞರ ಅಡ್ಡಹೆಸರು ಇಲ್ಲಿ ತೊಟ್ಟಿಲಿಗೆ ಬಂದಿದೆ. ಕೈಪಿಡಿ ಅಡ್ಡಹೆಸರುಗಳಿಗಷ್ಟೇ ಅಂಟಿಕೊಂಡಿರುವುದರಿಂದ ಈ ಇಬ್ಬರು ಮಕ್ಕಳನ್ನು ಬಿಟ್ಟುಬಿಟ್ಟಿದೆ.

ಗ್ರ್ಯಾಡ್‌ಗ್ರೈಂಡ್ ನಡೆಸುವ ಶಾಲೆಯ ಮೇಷ್ಟರ ಹೆಸರು ಮಕ್‌ಚೋಕಂಚೈಲ್ಡ್. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಇದು ಸಭಂಗ ಶ್ಲೇಷೆ: ಪದವನ್ನು ಒಡೆದರೆ ಮಾತ್ರ ಎರಡನೆಯ ಅರ್ಥ ಹೊರಬೀಳುತ್ತದೆ, ಮತ್ತು ಇಲ್ಲಿ ಒಡೆದಾಗ ಸಿಗುವುದು ಮಗುವಿನ ಕತ್ತು ಹಿಸುಕು ಎಂಬ ಅಪ್ಪಣೆ. ಬೆಕಿ ಶಾರ್ಪ್ ಎಂಬ ‘ವ್ಯಾನಿಟಿ ಫೇರ್’ನ ನಾಯಕಿಯದು ಅಭಂಗ ಶ್ಲೇಷೆ, ಪದ ಹಾಗೆಯೇ ಇರುತ್ತದೆ, ಚೂಪು ತಾನಾಗಿ ಚುಚ್ಚುತ್ತದೆ. ಸಭಂಗದ ಅಪಾಯವೆಂದರೆ ಹೆಸರು ಹೆಸರಿನಂತೆ ಕಾಣದಿರುವುದು. ಅದಕ್ಕೇ ಡಿಕನ್ಸ್ ಮೊದಲಿಗೆ ಸ್ಕಾಟ್‌ಲೆಂಡಿನ ಮನೆತನಗಳ ‘ಮಕ್’ ಸೇರಿಸಿದ; ಆ ಒಂದು ಅಕ್ಷರ ಇಡೀ ಅಪಹಾಸ್ಯಕ್ಕೆ ವಂಶಾವಳಿ ಒದಗಿಸಿತು. ತರಗತಿಯಲ್ಲಿ ಇದನ್ನು ವಿವರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಂಗಾರ ಹಿಚುಕಪ್ಪನವರ ಅನ್ರಿ ಸರ್’ ಎಂದ. ಕೈಪಿಡಿಯ ಯಾವ ಟಿಪ್ಪಣಿಯೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ಹಿಚುಕುವವನಿಗೆ ‘ಅಪ್ಪನವರ’ ಸೇರಿದೊಡನೆ ಅವನಿಗೊಂದು ಊರು, ಒಂದು ಮನೆ, ನಾಲ್ಕು ಎಕರೆ ಹೊಲ ಬಂದುಬಿಡುತ್ತವೆ. ಆ ಮೇಷ್ಟರನ್ನೂ ಅವನಂಥ ಸುಮಾರು 140 ಮಂದಿಯನ್ನೂ ಒಂದೇ ಕಾರ್ಖಾನೆಯಲ್ಲಿ, ಪಿಯಾನೊದ ಕಾಲುಗಳನ್ನು ಕಡೆದಂತೆ, ಒಂದೇ ಸಲಕ್ಕೆ ಕಡೆದು ತೆಗೆದಿದ್ದಾರೆ ಎಂದು ಡಿಕನ್ಸ್ ಬರೆಯುತ್ತಾನೆ. ಕತ್ತು ಹಿಸುಕುವವನೂ ಎಲ್ಲೋ ಕಡೆಸಿಕೊಂಡು ಬಂದವನೇ ಎಂಬ ಈ ಕನಿಕರ ಅವನ ಹೆಸರಿನಲ್ಲಿಲ್ಲ, ಪಕ್ಕದ ಸಾಲಿನಲ್ಲಿದೆ.

ಇದೇ ಕಾದಂಬರಿಯ ಬೌಂಡರ್ಬಿ ಎಂಬ ಬ್ಯಾಂಕರ್‌ನ ಹೆಸರಿನ ಬಗ್ಗೆ ಕೈಪಿಡಿ ಎಡವಿದೆ. ‘ಬೌಂಡರ್’ ಎಂದರೆ ಸಭ್ಯತೆಯಿಲ್ಲದ ಒರಟ, ಆದ್ದರಿಂದ ಬೌಂಡರ್ಬಿ ಎಂದು ಅಲ್ಲಿ ಒಂದೇ ಸಾಲಿನಲ್ಲಿ ತೀರ್ಪು ಕೊಡಲಾಗಿದೆ. ಆದರೆ ಆ ಪದಕ್ಕೆ ಆ ಬೈಗುಳದ ಅರ್ಥ ಬಂದದ್ದು 1880ರ ದಶಕದಲ್ಲಿ. ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1854ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ. ಮೊದಲ ಓದುಗರಿಗೆ ಕೇಳಿಸಿದ್ದು ಪುಟಿಯುವ, ಕುಪ್ಪಳಿಸುವ, ಗಾಳಿ ತುಂಬಿದ ಚೆಂಡಿನಂಥ ಸದ್ದು. ಚರಂಡಿಯಲ್ಲಿ ಹುಟ್ಟಿ ಸ್ವಂತ ಬಲದಿಂದ ಮೇಲೆ ಬಂದೆನೆಂದು ಊದಿಕೊಂಡು ತಿರುಗುವ ಆ ಮನುಷ್ಯನಿಗೆ ಅದು ಸಾಕಷ್ಟು ಒಪ್ಪುತ್ತದೆ. ‘ಬ್ಲೀಕ್ ಹೌಸ್’ನ ಚಿಂದಿ ಅಂಗಡಿಯ ಕ್ರೂಕ್‌ನ ವಿಷಯದಲ್ಲೂ ಇದೇ ತಪ್ಪು. ವಂಚಕನೆಂಬ ಅರ್ಥದ ‘ಕ್ರೂಕ್’ ಕಾದಂಬರಿಗಿಂತ ಈಚಿನದು. ಡೊಂಕು, ಕೊಂಕಿ ಎಂಬ ಹಳೆಯ ಅರ್ಥವೇ ಅಲ್ಲಿ ಕೆಲಸ ಮಾಡುತ್ತಿರುವುದು. ಇಂದಿನ ನಿಘಂಟನ್ನು ಎದುರಿಗಿಟ್ಟುಕೊಂಡು ಹಳೆಯ ಹೆಸರನ್ನು ಬಿಡಿಸಿದರೆ ಆಗುವುದು ಇಷ್ಟೇ. ಪದದ ವಯಸ್ಸು ನೋಡದೆ ಅರ್ಥ ಕೊಡುವ ಈ ಅಭ್ಯಾಸ ಪುಸ್ತಕದುದ್ದಕ್ಕೂ ಇದ್ದು, ಬೆಲೆಯಲ್ಲಿ ರಿಯಾಯಿತಿ ಕೊಟ್ಟರೂ ಇದನ್ನು ಮನ್ನಿಸಲಾಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಕಾದಂಬರಿಯೊಳಗಿನ ಜನರೇ ಈ ಹೆಸರುಗಳನ್ನು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಕೈಪಿಡಿ ಗಮನಿಸಿಯೇ ಇಲ್ಲ. ‘ಕಾಪರ್‌ಫೀಲ್ಡ್’ನ ಮಲತಂದೆ ಮರ್ಡ್‌ಸ್ಟನ್. ಕೊಲೆ ಮತ್ತು ಕಲ್ಲು, ಎರಡೂ ಅದರಲ್ಲಿವೆ ಎಂದು ಕೈಪಿಡಿ ಹೇಳುತ್ತದೆ, ಸರಿ. ಆದರೆ ಓದುಗನಿಗಿಂತ ಮೊದಲು ಅದನ್ನು ಹೇಳುವವಳು ಡೇವಿಡ್‌ನ ಅತ್ತೆಯಜ್ಜಿ ಬೆಟ್ಸಿ ಟ್ರಾಟ್‌ವುಡ್: ಆ ಹುಡುಗಿ, ಅಂದರೆ ಡೇವಿಡ್‌ನ ತಾಯಿ, ಒಬ್ಬ ಕೊಲೆಗಾರನನ್ನೋ ಅಥವಾ ಅಂಥದೇ ಹೆಸರಿನವನನ್ನೋ ಎರಡನೆಯ ಮದುವೆಯಾದಳು ಎಂದು ಅವಳು ಸಿಡುಕುತ್ತಾಳೆ. ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಅವಳು ಮನೆಗೆಲಸದವಳ ಪೆಗಟಿ ಎಂಬ ಹೆಸರು ಕೇಳಿ, ಯಾವ ಮನುಷ್ಯಳಾದರೂ ಕ್ರೈಸ್ತ ಇಗರ್ಜಿಗೆ ಹೋಗಿ ಪೆಗಟಿ ಎಂದು ಹೆಸರಿಡಿಸಿಕೊಂಡು ಬಂದಾಳೆಯೆ ಎಂದು ಕೇಳಿದವಳು. ಅದು ಅವಳ ಅಡ್ಡಹೆಸರು ಎಂದು ಡೇವಿಡ್‌ನ ತಾಯಿ ಮೆಲ್ಲನೆ ತಿದ್ದುತ್ತಾಳೆ. ಅಂದರೆ ಹೆಸರುಗಳ ಮೇಲೆ ಮುನಿಯುವುದು ಬೆಟ್ಸಿಯ ಸ್ವಭಾವ, ಆ ಸ್ವಭಾವದ ಬಾಯಲ್ಲಿ ಬಂದದ್ದರಿಂದಲೇ ಮರ್ಡ್‌ಸ್ಟನ್‌ನ ಶ್ಲೇಷೆ ಲೇಖಕನ ಕೈಚಳಕವೆನಿಸದೆ ಮನೆಯ ಮಾತೆನಿಸುತ್ತದೆ. ಇದನ್ನು ಬಿಟ್ಟು ‘ಕೊಲೆ, ಕಲ್ಲು’ ಎಂದಷ್ಟೇ ಬರೆದರೆ ಮಾವಿನ ಹಣ್ಣು ತಿಂದವರ ತಟ್ಟೆಯಿಂದ ವಾಟೆ ಎತ್ತಿ ತೋರಿಸಿದಂತೆ.

ಥ್ಯಾಕರೆಯ ಡಾಬಿನ್ ಕೂಡ ಹಾಗೆಯೇ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಗಾಡಿ ಎಳೆಯುವ ಸಾಧು ಕುದುರೆಯನ್ನು ಕರೆಯುವ ಹೆಸರು ಡಾಬಿನ್, ನಮ್ಮಲ್ಲಿ ಎತ್ತಿಗೆ ಬಸವ ಎನ್ನುವಂತೆ. ಈ ಮಾಹಿತಿ ಗೊತ್ತಿಲ್ಲದ ಕನ್ನಡ ಓದುಗನಿಗೆ ಹೆಸರಿನ ಸ್ವಾರಸ್ಯ ಪೂರ್ತಿ ತಪ್ಪಿಹೋಗುತ್ತದೆ, ಇಲ್ಲಿ ಕೈಪಿಡಿಗೆ ನಾನು ಋಣಿ. ಆದರೆ ಶಾಲೆಯ ಹುಡುಗರು ಆ ಕಿರಾಣಿ ವ್ಯಾಪಾರಿಯ ಮಗನನ್ನು ಕುದುರೆ ಓಡಿಸುವ ಕೂಗು ಹಾಕಿ ಗೇಲಿ ಮಾಡುವ ದೃಶ್ಯವನ್ನು ಉಲ್ಲೇಖಿಸಿದ್ದರೆ, ಇಡೀ ಕಾದಂಬರಿಯುದ್ದಕ್ಕೂ ತಾನು ಪ್ರೀತಿಸಿದ ಅಮೀಲಿಯಳಿಗಾಗಿ ನೊಗ ಹೊತ್ತ ಮನುಷ್ಯನಿಗೆ ಆ ಹೆಸರು ಮೊದಲು ಗಾಯವಾಗಿ ಬಂತು ಎಂಬುದು ತಿಳಿಯುತ್ತಿತ್ತು. ಅದೇ ಪುಸ್ತಕದ ಕ್ರಾಲಿ ಮನೆತನದವರು ಅಧಿಕಾರದಲ್ಲಿದ್ದವರ ಅಡ್ಡಹೆಸರನ್ನು ತಮ್ಮ ಮಕ್ಕಳಿಗೆ ಇಡುತ್ತ ಬಂದವರು: ತಂದೆ ವಾಲ್ಪೋಲ್ ಕ್ರಾಲಿ, ಮಗ ಪಿಟ್ ಕ್ರಾಲಿ. ತೆವಳುವ ಸದ್ದು ಅಡ್ಡಹೆಸರಿನಲ್ಲಿದ್ದರೆ ತೆವಳಿದ್ದಕ್ಕೆ ಸಾಕ್ಷಿ ಮೊದಲ ಹೆಸರಿನಲ್ಲಿದೆ.

ಟ್ರಾಲಪ್‌ನ ಹತ್ತಿರ ಬಂದಾಗ ಕೈಪಿಡಿಯ ಧ್ವನಿ ಯಾಕೋ ಕ್ಷಮೆ ಕೇಳುವಂತಾಗುತ್ತದೆ. ಅವನ ಬಾರ್ಸೆಟ್‌ಶೈರ್ ಕಾದಂಬರಿಗಳಲ್ಲಿ ವೈದ್ಯರ ಹೆಸರು ಸರ್ ಓಮಿಕ್ರಾನ್ ಪೈ, ಸರ್ ಲಾಮ್ಡಾ ಮ್ಯೂನ್ಯೂ. ಗ್ರೀಕ್ ವರ್ಣಮಾಲೆಯನ್ನು ಹಾಗೆಯೇ ಎತ್ತಿಕೊಂಡದ್ದು. ಇನ್ನೊಬ್ಬ ವೈದ್ಯ ಫಿಲ್‌ಗ್ರೇವ್, ಗೋರಿ ತುಂಬಿಸುವವನು. ಇವು ಅಗ್ಗದ ನಗೆ, ನಾನೂ ಒಪ್ಪುತ್ತೇನೆ. ಆದರೆ ಸ್ಲೋಪ್ ಎಂಬ ಜಾರುನಾಲಿಗೆಯ ಪಾದ್ರಿಯ ಹೆಸರು ಅಗ್ಗದ್ದಲ್ಲ. ‘ಟ್ರಿಸ್ಟ್ರಮ್ ಶ್ಯಾಂಡಿ’ ಎಂಬ ಹದಿನೆಂಟನೆಯ ಶತಮಾನದ ಕಾದಂಬರಿಯಲ್ಲಿ ನಾಯಕನ ಹೆರಿಗೆ ಮಾಡಿಸಿ ಅವನ ಮೂಗು ಜಜ್ಜಿದ ಡಾಕ್ಟರ್ ಸ್ಲಾಪ್‌ನ ವಂಶದವನೇ ಈತ, ಕಿವಿಗೆ ಇಂಪಾಗಲೆಂದು ಹೆಸರಿಗೆ ಒಂದು ‘ಇ’ ಸೇರಿಸಿಕೊಂಡನಂತೆ ಎಂದು ಟ್ರಾಲಪ್ ಗಂಭೀರವಾಗಿ ವರದಿ ಮಾಡುತ್ತಾನೆ. ಕಾಲ್ಪನಿಕ ಪಾತ್ರಕ್ಕೆ ಇನ್ನೊಬ್ಬ ಲೇಖಕನ ಕಾಲ್ಪನಿಕ ಪಾತ್ರ ಪೂರ್ವಜ! ಸಂಖ್ಯಾಶಾಸ್ತ್ರದವರ ಮಾತು ಕೇಳಿ ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಿಸಿಕೊಳ್ಳುವವರನ್ನು ಕಂಡಿರುವ ನಮಗೆ ಈ ‘ಇ’ ವಿಶೇಷವಾಗಿ ರುಚಿಸುತ್ತದೆ.

ಕ್ವಿವರ್‌ಫುಲ್ ಎಂಬ ಬಡ ಪಾದ್ರಿಗೆ 14 ಮಕ್ಕಳು. ಬೈಬಲ್ಲಿನ 127ನೆಯ ಕೀರ್ತನೆ ಮಕ್ಕಳನ್ನು ಬಾಣಗಳಿಗೆ ಹೋಲಿಸಿ, ಬತ್ತಳಿಕೆ ತುಂಬಿರುವವನೇ ಧನ್ಯ ಎನ್ನುತ್ತದೆ. ಆ ತುಂಬಿದ ಬತ್ತಳಿಕೆಯೇ ಇವನ ಅಡ್ಡಹೆಸರು. ಕಾದಂಬರಿಕಾರ ಹೆನ್ರಿ ಜೇಮ್ಸ್ 1883ರ ಪ್ರಬಂಧದಲ್ಲಿ ಇದನ್ನು ಆಕ್ಷೇಪಿಸುತ್ತ, ಆ ಹೆಸರನ್ನು ನಂಬಬಹುದು, ಆ ಮಕ್ಕಳನ್ನೂ ನಂಬಬಹುದು, ಎರಡನ್ನೂ ಒಟ್ಟಿಗೆ ನಂಬಲಾಗದು ಎಂಬ ಅರ್ಥದ ಮಾತು ಬರೆದ. ಕೈಪಿಡಿ ಈ ಮಾತನ್ನು ಉದ್ಧರಿಸಿ ಅಲ್ಲಿಗೇ ಕೈಮುಗಿದಿದೆ. ನನಗೆ ಜೇಮ್ಸ್‌ನ ತೀರ್ಪು ಅವಸರದ್ದೆನ್ನಿಸುತ್ತದೆ. ಗಂಡನಿಗೆ ಸಿಗಬೇಕಾಗಿದ್ದ ವೃದ್ಧಾಶ್ರಮದ ವಾರ್ಡನ್ ಹುದ್ದೆ ಕೈತಪ್ಪುವ ಸುದ್ದಿ ಕೇಳಿ ಶ್ರೀಮತಿ ಕ್ವಿವರ್‌ಫುಲ್ ರೈತನೊಬ್ಬನ ಗಾಡಿ ಹತ್ತಿ ಬಿಷಪ್ಪನ ಹೆಂಡತಿಯ ಮುಂದೆ ಹೋಗಿ ನಿಲ್ಲುವ ಅಧ್ಯಾಯಗಳನ್ನು ಓದಿದವರಿಗೆ ಬತ್ತಳಿಕೆಯ ತಮಾಷೆ ನೆನಪಿಗೆ ಬರುವುದಿಲ್ಲ. ಹದಿನಾಲ್ಕು ಊಟದ ತಟ್ಟೆಗಳು ಕಣ್ಣಿಗೆ ಬರುತ್ತವೆ. ಟ್ರಾಲಪ್ ಆ ಅಧ್ಯಾಯಕ್ಕೆ ಕ್ವಿವರ್‌ಫುಲ್‌ನ ಹಕ್ಕಿನ ಪರವಾಗಿ ಹದಿನಾಲ್ಕು ವಾದಗಳು ಎಂಬ ಅರ್ಥದ ತಲೆಬರಹವನ್ನೇ ಕೊಟ್ಟಿದ್ದಾನೆ. ನಗೆಗೆಂದು ಇಟ್ಟ ಹೆಸರು ಬಳಕೆಯಲ್ಲಿ ಸವೆದು ಬರೀ ಹೆಸರಾಗುತ್ತದೆ, ನಮ್ಮ ಹಾಜರಿ ಪುಸ್ತಕದ ಮೆಣಸಿನಕಾಯಿಯಂತೆ.

ಈಗ ‘ಬ್ಲೀಕ್ ಹೌಸ್’. ಆ ಸಂಪುಟದಲ್ಲಿ ಎರಡು ಫಾರಂಗಳು, ಅಂದರೆ 32 ಪುಟಗಳು, ಎರಡು ಸಲ ಸೇರಿ ಅವುಗಳ ಮುಂದಿನ 32 ಪುಟಗಳು ಇರಲೇ ಇಲ್ಲ. ಕಾಣೆಯಾದದ್ದು 10 ಮತ್ತು 11ನೆಯ ಅಧ್ಯಾಯಗಳು. ಮಾರಿದವರಿಗೆ ಚಿತ್ರಸಮೇತ ದೂರು ಕಳಿಸಿದರೆ, ಇಡೀ ಪೆಟ್ಟಿಗೆಯನ್ನು ಹಿಂದಿರುಗಿಸಿ ಎಂಬ ಸಿದ್ಧ ಉತ್ತರ ಮೂರು ಸಲ ಬಂತು. ಒಂದೇ ಸಂಪುಟ ಬದಲಿಸಿಕೊಡಲು ಐದು ವಾರ ಹಿಡಿಯಿತು. ಆ ಐದು ವಾರ ನನ್ನ ಕೈಯಲ್ಲಿದ್ದದ್ದು ಕೈಪಿಡಿಯ ವಿವರಣೆ ಮಾತ್ರ: ‘ನೀಮೋ: ಲ್ಯಾಟಿನ್ ಭಾಷೆಯಲ್ಲಿ ಯಾರೂ ಅಲ್ಲ ಎಂದರ್ಥ’. ಇಷ್ಟು ಹಿಡಿದುಕೊಂಡು ಏನು ಮಾಡುವುದು?

ಬದಲಿ ಸಂಪುಟ ಬಂದ ದಿನ ಸಂಜೆ ಆ ಪುಟಗಳನ್ನೇ ಮೊದಲು ತೆರೆದೆ. ನಕಲು ಬರೆಯುವ ಒಬ್ಬ ಗುಮಾಸ್ತನ ಕೈಬರಹ ಯಾರದೆಂದು ತಿಳಿಯಲು ವಕೀಲ ಟಲ್ಕಿಂಗ್‌ಹಾರ್ನ್ ಕಾನೂನು ಕಾಗದದ ವ್ಯಾಪಾರಿ ಸ್ನ್ಯಾಗ್ಸ್‌ಬಿಯ ಅಂಗಡಿಗೆ ಬರುತ್ತಾನೆ. ಬರೆದವನು ನೀಮೋ ಎಂದು ಸ್ನ್ಯಾಗ್ಸ್‌ಬಿ ಹೇಳುತ್ತಾನೆ. ನೀಮೋ ಎಂದರೆ ಲ್ಯಾಟಿನ್ನಿನಲ್ಲಿ ಯಾರೂ ಅಲ್ಲ ಎಂದು ವಕೀಲ. ಹಾಗಾದರೆ ಇಂಗ್ಲಿಷಿನಲ್ಲಿ ಯಾರೋ ಒಬ್ಬ ಎಂದಿರಬೇಕು ಸ್ವಾಮಿ, ಅದು ಒಬ್ಬ ಮನುಷ್ಯನ ಹೆಸರಲ್ಲವೇ ಎಂದು ವ್ಯಾಪಾರಿ ಕೆಮ್ಮಿ ವಿನಯದಿಂದ ಸೇರಿಸುತ್ತಾನೆ. ಶ್ಲೇಷೆಯ ಅರ್ಥವನ್ನು ಕಾದಂಬರಿಯೇ ಬಾಯಿಬಿಟ್ಟು ಹೇಳಿದೆ. ಹೇಳಿ, ಮರುಗಳಿಗೆಯಲ್ಲೇ ಒಬ್ಬ ಅಂಗಡಿಯವನ ಕೈಯಲ್ಲಿ ಅದನ್ನು ತಿರುಗಿಸಿಬಿಟ್ಟಿದೆ. ಕೈಪಿಡಿ ವಕೀಲನ ಅರ್ಧವನ್ನು ಕೊಟ್ಟು ಸ್ನ್ಯಾಗ್ಸ್‌ಬಿಯ ಅರ್ಧವನ್ನು ನುಂಗಿದೆ. ಆ ‘ಯಾರೂ ಅಲ್ಲದವನು’ ಕಾದಂಬರಿಯ ನಾಯಕಿ ಎಸ್ತರ್ ಸಮರ್ಸನ್‌ಳ ತಂದೆ ಎಂಬುದು ಬಹಳ ಪುಟಗಳ ನಂತರ ತಿಳಿಯುತ್ತದೆ. ಮಗಳಿಗೆ ಬೇಸಿಗೆಯ ಬಿಸಿಲಿನ ಸದ್ದಿರುವ ಹೆಸರು ದೊರೆತಿದೆ, ಆದರೆ ಅದು ತಂದೆಯದೂ ಅಲ್ಲ, ತಾಯಿಯದೂ ಅಲ್ಲ.

ಮುಂದಿನ ಅಧ್ಯಾಯದಲ್ಲಿ ಆ ಗುಮಾಸ್ತನ ಸಾವಿನ ವಿಚಾರಣೆ. ರಸ್ತೆ ಗುಡಿಸುವ ಹುಡುಗನೊಬ್ಬನನ್ನು ಸಾಕ್ಷಿಗೆ ಕರೆತರುತ್ತಾರೆ. ಹೆಸರು ಜೋ, ಅದರ ಹೊರತು ಬೇರೇನೂ ಗೊತ್ತಿಲ್ಲ. ಎಲ್ಲರಿಗೂ ಎರಡು ಹೆಸರಿರುತ್ತವೆಂದು ತಿಳಿಯದು. ಜೋ ಎಂಬುದು ಯಾವುದೋ ಉದ್ದ ಹೆಸರಿನ ತುಂಡು ಎಂದೂ ತಿಳಿಯದು, ತನಗೆ ಅಷ್ಟು ಉದ್ದ ಸಾಕು ಎನ್ನುತ್ತಾನೆ. ಅಂಥವನ ಸಾಕ್ಷಿ ದಾಖಲಿಸಲಾಗದೆಂದು ಅವನನ್ನು ಆಚೆ ಸರಿಸುತ್ತಾರೆ. ಇದೇ ಪುಸ್ತಕದಲ್ಲಿ ಮಂತ್ರಿಮಂಡಲ ರಚಿಸುವ ದೊಡ್ಡವರಿಗೆ ಬೂಡಲ್, ಕೂಡಲ್, ಡೂಡಲ್, ಫೂಡಲ್, ಗೂಡಲ್, ಹೂಡಲ್ ಎಂದು ಕಾಗುಣಿತ ತಿದ್ದಿದಂತೆ ಹೆಸರುಗಳು ಸಾಲುಗಟ್ಟಿವೆ, ನೂಡಲ್‌ಗೆ ಯಾವ ಖಾತೆ ಕೊಡುವುದೆಂದು ತಿಳಿಯದೆ ದೇಶವೇ ಮುಳುಗುತ್ತಿದೆ. (ಆ ಕಾಲದಲ್ಲಿ ನೂಡಲ್ ಎಂದರೆ ಪೆದ್ದ, ಎರಡು ನಿಮಿಷದ ತಿಂಡಿಯನ್ನು ಮನಸ್ಸಿನಿಂದ ತೆಗೆಯಬೇಕು.) ಅಲ್ಲಿ ಅಡ್ಡಹೆಸರು ಅಕ್ಷರಕ್ಕೊಂದರಂತೆ ಹಂಚಿ ಮಿಗುತ್ತದೆ, ಇಲ್ಲಿ ಒಬ್ಬನಿಗೆ ಒಂದೂ ಸಿಗದು. ಎರಡನ್ನೂ ಒಟ್ಟಿಗಿಟ್ಟು ನೋಡದ ಹೊರತು ಡಿಕನ್ಸ್ ಹೆಸರುಗಳ ಜೊತೆ ಆಡುತ್ತಿರುವುದು ಯಾಕೆ ಎಂಬುದು ತಿಳಿಯುವುದಿಲ್ಲ. ‘ಹಾರ್ಡ್ ಟೈಮ್ಸ್’ನಲ್ಲೂ ಸರ್ಕಸ್ಸಿನವನ ಮಗಳು ಸಿಸಿ ಜೂಪ್ ಶಾಲೆಗೆ ಬಂದ ದಿನ, ಸಿಸಿ ಎಂಬುದು ಹೆಸರೇ ಅಲ್ಲ, ಸಿಸಿಲಿಯಾ ಎಂದು ಹೇಳಿಕೊ ಎಂದು ಗ್ರ್ಯಾಡ್‌ಗ್ರೈಂಡ್ ಅಪ್ಪಣೆ ಮಾಡುತ್ತಾನೆ, ಅದಕ್ಕೂ ಮೊದಲು ಅವಳನ್ನು ಕರೆದದ್ದು ಇಪ್ಪತ್ತನೆಯ ನಂಬರಿನ ಹುಡುಗಿ ಎಂದು.

ಉಚ್ಚಾರಣೆಯ ಬಗ್ಗೆ ಕೈಪಿಡಿ ಒಂದು ಮಾತನ್ನೂ ಆಡುವುದಿಲ್ಲ, ಸದ್ದನ್ನೇ ನೆಚ್ಚಿಕೊಂಡ ವಿಷಯದಲ್ಲಿ ಇದು ವಿಚಿತ್ರ. ‘ಜೇನ್ ಐರ್’ನ ಸೇಂಟ್ ಜಾನ್ ರಿವರ್ಸ್ ಎಂಬವನನ್ನು ಸಿಂಜನ್ ಎಂದು ಕರೆಯಬೇಕೆಂದು ನನಗೆ ತಿಳಿದದ್ದು ಓದಿ ಎಷ್ಟೋ ವರ್ಷಗಳ ನಂತರ, ಧ್ವನಿಮುದ್ರಿತ ಪುಸ್ತಕ ಕೇಳಿದಾಗ. ನಾಯಕಿಯ ಅಡ್ಡಹೆಸರಂತೂ ಗಾಳಿ ಎಂಬ ಪದದಂತೆಯೂ ವಾರಸುದಾರಳು ಎಂಬ ಪದದಂತೆಯೂ ಕೇಳುತ್ತದೆ. ಅನಾಥೆಯಾಗಿ ಬೆಳೆದವಳಿಗೆ ಕೊನೆಗೆ ಚಿಕ್ಕಪ್ಪನ 20,000 ಪೌಂಡು ಬರುತ್ತದೆ. ಫ್ರೆಂಚ್ ಮಾತಾಡುವ ಪುಟ್ಟ ಅಡೆಲ್ ಆ ಹೆಸರನ್ನು ಕೇಳಿ, ನನ್ನ ಬಾಯಿಗೆ ಬರುವುದಿಲ್ಲ ಎಂದು ಕೈಬಿಡುತ್ತಾಳೆ. ನಾವು ಕನ್ನಡದಲ್ಲಿ ‘ಐರ್’ ಎಂದು ಬರೆದ ಕೂಡಲೇ ಗಾಳಿಯೂ ಹೋಯಿತು, ವಾರಸುದಾರಿಕೆಯೂ ಹೋಯಿತು. ‘ಏರ್’ ಎಂದು ಬರೆದರೆ ಎರಡೂ ಉಳಿದಾವು, ಆದರೆ ವಿಮಾನ ಕಂಪನಿಯ ನೆನಪಾಗುತ್ತದೆ. ನಾನು ರೂಢಿಗೆ ಶರಣಾಗಿ ‘ಐ’ ಎಂದೇ ಬರೆದಿದ್ದೇನೆ.

‘ಟೆಸ್’ಗೆ ಕೈಪಿಡಿ ಅರ್ಧ ಪುಟ ಕೊಟ್ಟಿದೆ. ಹಾರ್ಡಿಯಲ್ಲಿ ಅಡ್ಡಹೆಸರಿನ ಆಟ ಬಗೆಯಲ್ಲೇ ಬೇರೆ: ಡರ್ಬರ್‌ವಿಲ್ ಎಂಬ ನಾರ್ಮನ್ ಸರದಾರರ ಹೆಸರು ಹಳ್ಳಿಯ ಬಾಯಲ್ಲಿ ಸವೆದು ಡರ್ಬಿಫೀಲ್ಡ್ ಆಗಿದೆ, ದಾರಿಯಲ್ಲಿ ಸಿಕ್ಕ ಪಾದ್ರಿಯೊಬ್ಬ ಟೆಸ್‌ಳ ತಂದೆಯಾದ ಕುಡುಕ ಚಿಲ್ಲರೆ ವ್ಯಾಪಾರಿಯನ್ನು ಸರ್ ಜಾನ್ ಎಂದು ಕರೆದು ಅದನ್ನು ತಿಳಿಸಿಬಿಡುತ್ತಾನೆ, ಅಲ್ಲಿಂದ ಮಗಳ ದುರಂತ ಶುರು. ಅತ್ತ ಸ್ಟೋಕ್ ಎಂಬ ಉತ್ತರದ ವ್ಯಾಪಾರಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಳಿದುಹೋದ ಮನೆತನಗಳ ಪುಸ್ತಕ ತಿರುವಿ, ಡರ್ಬರ್‌ವಿಲ್ ಎಂಬುದು ಕಣ್ಣಿಗೂ ಕಿವಿಗೂ ಚೆನ್ನಾಗಿದೆಯೆಂದು ಎತ್ತಿಕೊಂಡಿದ್ದಾನೆ. ಒಬ್ಬಳ ಹೆಸರು ಸವೆದಿದೆ, ಇನ್ನೊಬ್ಬನದು ಅಂಗಡಿಯದು. ಇದಕ್ಕೆ ಅರ್ಧ ಪುಟ ಸಾಲದು.

ಆಯ್ಕೆಯ ಬಗ್ಗೆಯೂ ಒಂದು ದೂರಿದೆ. ಡಿಕನ್ಸ್‌ನ ‘ಅವರ್ ಮ್ಯೂಚುಯಲ್ ಫ್ರೆಂಡ್’ (1864–65) ಈ ಪೆಟ್ಟಿಗೆಯಲ್ಲಿ ಇರಲೇಬೇಕಾಗಿತ್ತು. ಮನೆ, ಪೀಠೋಪಕರಣ, ಸ್ನೇಹಿತರು ಎಲ್ಲವೂ ಹೊಚ್ಚ ಹೊಸದಾಗಿರುವ ವೆನೀರಿಂಗ್ ದಂಪತಿಗಳ ಹೆಸರು, ಪ್ಲೈವುಡ್ ಅಂಗಡಿಯಲ್ಲಿ ವೆನೀರ್ ಹಾಳೆಯ ದರ ವಿಚಾರಿಸಿದ ಯಾವ ಕನ್ನಡಿಗನಿಗೂ ತಕ್ಷಣ ತಿಳಿಯುತ್ತದೆ. ಮುನ್ನುಡಿಯಲ್ಲಿ ಡಿಕನ್ಸ್ ಹೆಸರುಗಳನ್ನು ಹೇಗೆ ಹುಡುಕುತ್ತಿದ್ದನೆಂಬ ಎರಡು ಪುಟ ಮಾತ್ರ ಚೆನ್ನಾಗಿದೆ. ತನ್ನ ಇನ್ನೊಂದು ಕಾದಂಬರಿ ‘ಮಾರ್ಟಿನ್ ಚಜಲ್‌ವಿಟ್’ಗೆ ಚಜಲ್‌ವಿಟ್ ಎಂಬ ಹೆಸರು ಒದಗುವ ಮುನ್ನ ಅವನು ಸ್ವೀಜಲ್‌ಡನ್, ಸ್ವೀಜಲ್‌ಬ್ಯಾಕ್, ಚಜಲ್‌ಟೋ, ಚಜಲ್‌ಬಾಯ್ ಎಂದೆಲ್ಲ ನಾಲಿಗೆಯ ಮೇಲೆ ಹೊರಳಿಸಿ ನೋಡಿದ್ದ. ಅವನ ಗೆಳೆಯ ಹಾಗೂ ಜೀವನಚರಿತ್ರೆಕಾರ ಫಾರ್ಸ್ಟರ್ ಇದನ್ನು ದಾಖಲಿಸಿದ್ದಾನೆ. ಡೇವಿಡ್ ಕಾಪರ್‌ಫೀಲ್ಡ್ ಎಂಬುದರ ಮೊದಲಕ್ಷರಗಳು ತನ್ನವೇ ತಿರುವುಮುರುವಾದವು ಎಂದು ಫಾರ್ಸ್ಟರ್ ತೋರಿಸಿಕೊಟ್ಟಾಗ ಡಿಕನ್ಸ್ ಬೆಚ್ಚಿದನಂತೆ. ಉದ್ದೇಶವಿಲ್ಲದೆ ಬಿದ್ದ ಹೆಸರೂ ಉಂಟು ಎಂಬ ಈ ಎಚ್ಚರ ಮುನ್ನುಡಿಯಲ್ಲೇ ಉಳಿದು ಒಳಗಿನ ಟಿಪ್ಪಣಿಗಳಿಗೆ ಇಳಿದಿಲ್ಲ.

ಕೊಳ್ಳಬೇಕೆ ಎಂದು ಕೇಳಿದವರಿಗೆ ನಾನು ಹೇಳುವುದು ಹೀಗೆ. ಕಾದಂಬರಿಗಳಿಲ್ಲದವರು ಪೆಟ್ಟಿಗೆಯನ್ನು ಕೊಳ್ಳಬಹುದು, ಆದರೆ ಬಂದ ದಿನವೇ ಪ್ರತಿಯೊಂದು ಸಂಪುಟದ ಪುಟಸಂಖ್ಯೆಯನ್ನು ಎಣಿಸಿ ನೋಡಬೇಕು. ಕೈಪಿಡಿಯನ್ನು ಮುಂಚೆ ಓದಬಾರದು. ಅಧ್ಯಾಯ ಮುಗಿದ ಮೇಲೆ, ಹೆಸರು ಒಂದೆರಡು ಸಲ ಕಿವಿಗೆ ಬಿದ್ದ ಮೇಲೆ, ಡಾಬಿನ್, ಕ್ವಿವರ್‌ಫುಲ್‌ರಂಥ ನಮಗೆ ಪದವೇ ಗೊತ್ತಿಲ್ಲದವರಿಗಾಗಿ ತೆರೆದರೆ ಸಾಕು. ಎರಡನೆಯ ಮುದ್ರಣ ಬರಲಿದೆ ಎಂದು ಮಾರಿದವರು ಬರೆದಿದ್ದಾರೆ. ಬರುವುದಾದರೆ ಬೌಂಡರ್ಬಿ ಮತ್ತು ಕ್ರೂಕ್‌ರ ಟಿಪ್ಪಣಿ ತಿದ್ದಲಿ, ಉಚ್ಚಾರಣೆ ಸೇರಿಸಲಿ. ‘ಜೆ’ ಅಕ್ಷರದ ಕೆಳಗೆ ಈಗ ಜಾರ್ನ್‌ಡೈಸ್, ಜೆಲಿಬಿ, ಜೂಪ್ ಮೂವರೇ ಇದ್ದಾರೆ, ಅಡ್ಡಹೆಸರಿಲ್ಲವೆಂಬ ಕಾರಣಕ್ಕೆ ಬಿಟ್ಟ ಜೋಗೂ ಅಲ್ಲೊಂದು ಸಾಲು ಕೊಡಲಿ. ನನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೇನೆ.